ವೈಟ್ ಸ್ಪಾಟ್‌ಗೆ ಹಸಿರು ಹನಿ: ಕೆಲಸ ಮಾಡುತ್ತೆ, ಆದ್ರೆ ಮೂರು ದಿನಕ್ಕಲ್ಲ

ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಅಂತ ಕೊಡುತ್ತಾರಲ್ಲ, ಮಲಕೈಟ್ ಗ್ರೀನ್ ಅನ್ನೋ ಹಸಿರು ರಾಸಾಯನಿಕ ಇರುವ ಚಿಕ್ಕ ಬಾಟಲಿ, ಅದರ ಬಗ್ಗೆ ಬರೆಯುತ್ತಿದ್ದೇನೆ. 30 ಎಂಎಲ್, 90 ರೂಪಾಯಿ. ಕಂಪನಿ ಹೆಸರು ಬೇಡ, ಈ ಥರದ ಬಾಟಲಿಗಳೆಲ್ಲ ಹೆಚ್ಚುಕಮ್ಮಿ ಅಣ್ಣತಮ್ಮಂದಿರೇ.

ಡಿಸೆಂಬರ್‌ನಲ್ಲಿ ಮೈಸೂರಿನ ಚಳಿಗೆ ನಮ್ಮ ಟ್ಯಾಂಕ್ ನೀರು 21 ಡಿಗ್ರಿಗೆ ಇಳಿದಿತ್ತು. ಹೀಟರ್ ಇರಲಿಲ್ಲ, ನಮ್ಮೂರಿಗೆ ಎಂಥ ಹೀಟರ್ ಅನ್ನೋ ಧೈರ್ಯ. ಅದೇ ವಾರ ಆರು ಹೊಸ ನಿಯಾನ್ ಟೆಟ್ರಾ ತಂದು, ಕೆಲವು ದಿನ ಬೇರೆ ಇಟ್ಟು ನೋಡದೆ ಹಳೆಯ ಎಂಟರ ಜೊತೆ ನೇರವಾಗಿ ಬಿಟ್ಟುಬಿಟ್ಟೆ. ಎರಡೂ ನನ್ನದೇ ತಪ್ಪು. ನಾಲ್ಕನೇ ದಿನ ಒಂದು ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ರಾತ್ರಿ ಲೈಟ್ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ, ಬಾಲದ ರೆಕ್ಕೆ ಮೇಲೆ ಯಾರೋ ಚಿರೋಟಿ ರವೆ ಉದುರಿಸಿದ ಹಾಗಿತ್ತು. ಅಮ್ಮ ಬಂದು ನೋಡಿ "ಒಂದು ಚಿಟಿಕೆ ಅರಿಶಿನ ಹಾಕೋ" ಅಂದರು. ನಾನು ಬೈಕ್ ಹತ್ತಿ ಅಂಗಡಿಗೆ ಹೋದೆ.

ಅಂಗಡಿಯವರು "ಮೂರು ದಿನ ಹಾಕಿ ಸಾರ್, ಕ್ಲೀನ್ ಆಗುತ್ತೆ" ಅಂದರು. ಹಾಕಿದೆ. ಮೂರನೇ ದಿನ ಚುಕ್ಕೆ ನಿಜವಾಗಿಯೂ ಮಾಯ! ಖುಷಿಯಾಗಿ ನಿಲ್ಲಿಸಿದೆ. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಮೊದಲಿಗಿಂತ ದುಪ್ಪಟ್ಟು, ಎರಡು ಮೀನು ಸತ್ತು ಫಿಲ್ಟರ್ ಪಕ್ಕ ಬಿದ್ದಿದ್ದವು.

ಆಮೇಲೆ ಕೂತು ಓದಿದಾಗ ಅರ್ಥವಾಯಿತು. ಆ ಬಿಳಿ ಚುಕ್ಕೆ ಅಂದರೆ ಮೀನಿನ ಚರ್ಮದೊಳಗೆ ಕೂತು ತಿನ್ನುತ್ತಿರುವ ಪರಾವಲಂಬಿ. ಅಲ್ಲಿರುವಾಗ ಅದಕ್ಕೆ ಔಷಧ ಅಷ್ಟಾಗಿ ತಟ್ಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿ, ಕಲ್ಲು ಮರಳಿಗೆ ಅಂಟಿಕೊಂಡು, ಒಳಗೊಳಗೇ ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ನೀರಿನಲ್ಲಿ ಈಜುತ್ತಾ ಮೀನು ಹುಡುಕುವಾಗ ಮಾತ್ರ ನಮ್ಮ ಹನಿಗೆ ಸಿಗುತ್ತವೆ. ಅಂದರೆ ಚುಕ್ಕೆ ಮಾಯವಾದಾಗ ರೋಗ ಹೋಗಿರಲಿಲ್ಲ, ಕೆಳಗೆ ಕಲ್ಲಿನಲ್ಲಿ ಮರಿ ಹಾಕುತ್ತಿತ್ತು. ನಾನು ಸರಿಯಾಗಿ ಆ ಹೊತ್ತಿಗೇ ಬಾಟಲಿ ಮುಚ್ಚಿಟ್ಟಿದ್ದೆ.

ಇನ್ನೊಂದು ಎಡವಟ್ಟು ಡೋಸ್‌ದು. ಲೇಬಲ್ ಪ್ರಕಾರ 4 ಲೀಟರಿಗೆ 1 ಹನಿ. ನನ್ನ ಟ್ಯಾಂಕ್ 45×30×30 ಸೆಂಟಿಮೀಟರ್, ಹಾಗಾಗಿ 40 ಲೀಟರ್ ಅಂತ ಲೆಕ್ಕ ಹಾಕಿ 10 ಹನಿ ಬಿಡುತ್ತಿದ್ದೆ. ಆದರೆ ಮೇಲೆ ಖಾಲಿ ಬಿಟ್ಟಿದ್ದು, ಕೆಳಗಿನ ಕಲ್ಲು ಎಲ್ಲ ಕಳೆದರೆ ನಿಜವಾದ ನೀರು 32 ಲೀಟರ್ ಅಷ್ಟೇ. ಅದಕ್ಕಿಂತ ಮುಖ್ಯ, ಟೆಟ್ರಾಗಳಿಗೂ, ಅದೇ ಟ್ಯಾಂಕ್‌ನಲ್ಲಿದ್ದ ಕೋರಿಡೋರಾಸ್‌ನಂಥ ಮೈಮೇಲೆ ಹುರುಪೆ ಇಲ್ಲದ ಮೀನುಗಳಿಗೂ ಮಲಕೈಟ್ ಗ್ರೀನ್ ಅರ್ಧ ಡೋಸ್ ಮಾತ್ರ. ಅಂದರೆ ನಾನು ಹಾಕಬೇಕಿದ್ದದ್ದು 4 ಹನಿ! ಲೇಬಲ್‌ನಲ್ಲಿ ಇದರ ಸುದ್ದಿಯೇ ಇಲ್ಲ. ಔಷಧ ಎಷ್ಟು ಪರ್ಸೆಂಟ್ ಅಂತಲೂ ಇಲ್ಲ. ಎಕ್ಸ್‌ಪೈರಿ ತಾರೀಕು ಇತ್ತು, ನನ್ನ ಹೆಬ್ಬೆರಳು ತಾಗಿ ಅಳಿಸಿಹೋಯಿತು. ಹನಿ ಬೀಳೋ ಮೂತಿ ಕೂಡ ಒಮ್ಮೆ ಚಿಕ್ಕದು ಒಮ್ಮೆ ದಪ್ಪದು ಬಿಡುತ್ತೆ, ಹಾಗಾಗಿ ಇನ್ಸುಲಿನ್ ಸಿರಿಂಜ್ ಇಟ್ಟುಕೊಳ್ಳೋದು ವಾಸಿ.

ಎರಡನೇ ಸುತ್ತಿನಲ್ಲಿ 50 ವ್ಯಾಟ್ ಹೀಟರ್ ತಂದು ದಿನಕ್ಕೆ ಒಂದೆರಡು ಡಿಗ್ರಿಯಂತೆ 28ಕ್ಕೆ ಏರಿಸಿದೆ. ಬೆಚ್ಚಗಾದಷ್ಟೂ ಆ ಪರಾವಲಂಬಿಯ ಜೀವನಚಕ್ರ ಬೇಗ ಬೇಗ ತಿರುಗುತ್ತೆ, ಬೇಗ ಔಷಧಕ್ಕೆ ಸಿಕ್ಕಿಬೀಳುತ್ತೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ಏರ್ ಪಂಪ್ ರಾತ್ರಿಯಿಡೀ ಓಡಿಸಿದೆ. ಫಿಲ್ಟರ್‌ನಿಂದ ಇದ್ದಿಲ ಚೀಲ ತೆಗೆದೆ, ಇಲ್ಲವಾದರೆ ಔಷಧವನ್ನೆಲ್ಲ ಅದೇ ಕುಡಿದುಬಿಡುತ್ತೆ. ಸ್ಪಂಜ್ ಮುಟ್ಟಲಿಲ್ಲ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ (ನಲ್ಲಿ ನೀರಿಗೆ ಮೊದಲು ಆ್ಯಂಟಿ ಕ್ಲೋರಿನ್), ಟ್ಯಾಂಕ್‌ನದೇ ನೀರು ಒಂದು ಲೋಟ ತೆಗೆದು ಅದರಲ್ಲಿ 4 ಹನಿ ಕದಡಿ, ಫಿಲ್ಟರ್ ನೀರು ಚಿಮ್ಮುವ ಕಡೆ ನಿಧಾನಕ್ಕೆ ಸುರಿದೆ. ಲೈಟ್ ಆರಿಸಿಟ್ಟೆ, ಬೆಳಕಿಗೆ ಇದರ ಶಕ್ತಿ ಬೇಗ ಹೋಗುತ್ತೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಬಿಡಲಿಲ್ಲ. ಒಟ್ಟು 14 ದಿನ.

ಒಂಬತ್ತು ನಿಯಾನ್ ಉಳಿದವು, ನಾಲ್ಕು ಕೋರಿಡೋರಾಸ್ ಅಷ್ಟೂ ಉಳಿದವು. ನಿಯಾನ್‌ಗಳ ಮಂಕಾಗಿದ್ದ ನೀಲಿ ಪಟ್ಟಿ ಹನ್ನೊಂದನೇ ದಿನ ಮತ್ತೆ ಹೊಳೆಯಿತು ನೋಡಿ, ಅವತ್ತು ಆಫೀಸಿಗೆ ಲೇಟು.

ಐದಕ್ಕೆ ಮೂರು ಕೊಡುತ್ತೇನೆ. ಔಷಧಕ್ಕೆ ನಾಲ್ಕು, ಲೇಬಲ್‌ಗೆ ಒಂದು ಕಡಿತ. ಗ್ಲೌಸ್ ಹಾಕದೆ ಮುಟ್ಟಬೇಡಿ, ಮನುಷ್ಯರಿಗೂ ಒಳ್ಳೆಯದಲ್ಲ. ತಿನ್ನೋ ಮೀನಿಗಂತೂ ಇದನ್ನು ಬಳಸುವ ಹಾಗೇ ಇಲ್ಲ. ಟ್ಯಾಂಕ್ ಮೂಲೆಯ ಬಿಳಿ ಸಿಲಿಕಾನ್ ಈಗಲೂ ತಿಳಿ ಹಸಿರು. ಅಮ್ಮನ ಬಿಳಿ ಟವೆಲ್ ಕೂಡ. ಅದರ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.