ಜರ್ಮನಿಯ ರೈಲು ಆ್ಯಪ್: ಅದರ ಮಹತ್ವ ಗೊತ್ತಾಗಿದ್ದು ಪ್ಲಾಟ್‌ಫಾರಂನಲ್ಲಿ

ಕಳೆದ ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಯೂರೋಪಿಗೆ ಹೋಗಿದ್ದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮ್ಯೂನಿಕ್, ಅಲ್ಲಿಂದ ಆಲ್ಪ್ಸ್ ದಾಟಿ ಇಟಲಿಯ ವೆರೋನಾ, ಕೊನೆಗೆ ರೋಮ್. ಮಧ್ಯೆ ಒಂದು ಕಡೆಯೂ ವಿಮಾನ ಹತ್ತಲಿಲ್ಲ. ಎಲ್ಲಾ ರೈಲೇ. ಅಮ್ಮನಿಗೆ 67 ವರ್ಷ, ಮಂಡಿನೋವು ಬೇರೆ. ಹಾಗಾಗಿ ಟಿಕೆಟ್ ತೆಗೆಯುವುದಕ್ಕಿಂತ ರೈಲು ಹತ್ತುವುದು ಹೇಗೆ ಅನ್ನೋದೇ ನನ್ನ ದೊಡ್ಡ ಚಿಂತೆ ಆಗಿತ್ತು. ಆ ಚಿಂತೆ ಕಳೆದದ್ದು ಡಿಬಿ ನ್ಯಾವಿಗೇಟರ್ ಅನ್ನುವ ಆ್ಯಪ್. ಜರ್ಮನಿಯ ರೈಲ್ವೆ, ಅಂದರೆ ಡಾಯ್ಚ ಬಾನ್‌ನದ್ದೇ ಆ್ಯಪ್ ಇದು. ಇಂಗ್ಲಿಷ್‌ನಲ್ಲೂ ಸಿಗುತ್ತದೆ. ಊರಿನಿಂದ ಹೊರಡುವವರಿಗೆ ಅನುಕೂಲ ಆಗಲಿ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲು ಊರಿನ ಹೆಸರು. ಫ್ರಾಂಕ್‌ಫರ್ಟ್ ಅಂತ ಟೈಪ್ ಮಾಡಿದರೆ ಒಂದಲ್ಲ, ಎರಡು ಊರು ಬರುತ್ತವೆ. ಒಂದು ಮೈನ್ ನದಿಯ ಪಕ್ಕದ್ದು, ನಮ್ಮ ವಿಮಾನ ಇಳಿಯುವುದು ಅಲ್ಲಿ. ಇನ್ನೊಂದು ಓಡರ್ ನದಿಯ ಪಕ್ಕದ್ದು, ಅದು ಪೋಲೆಂಡ್ ಗಡಿಯಲ್ಲಿದೆ. ಆವರಣದಲ್ಲಿ ಮೈನ್ ಅಂತ ಇದೆಯಾ ನೋಡಿಯೇ ಒತ್ತಿ. ಮೈನ್‌ನಲ್ಲೂ ಊರ ಮಧ್ಯದ ಮುಖ್ಯ ನಿಲ್ದಾಣ ಬೇರೆ, ವಿಮಾನ ನಿಲ್ದಾಣದ ಪಕ್ಕದಲ್ಲಿರುವ ದೂರದ ರೈಲುಗಳ ನಿಲ್ದಾಣ ಬೇರೆ. ಎಚ್‌ಬಿಎಫ್ ಅಂತ ಕಂಡರೆ ಅದು ಹಾಪ್ಟ್‌ಬಾನ್‌ಹೋಫ್, ಮುಖ್ಯ ನಿಲ್ದಾಣ. ಫ್ಲೂಗ್‌ಹಾಫೆನ್ ಅಂದರೆ ವಿಮಾನ ನಿಲ್ದಾಣ. ಈ ಎರಡು ಪದ ನೆನಪಿದ್ದರೆ ಅರ್ಧ ಗೊಂದಲ ಹೋಯಿತು.

ಟಿಕೆಟ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಸೂಪರ್ ಸ್ಪಾರ್‌ಪ್ರೈಸ್ ತುಂಬಾ ಅಗ್ಗ. ಮುಂಚೆಯೇ ತೆಗೆದರೆ ದೂರದ ಊರಿಗೂ 20 ಯೂರೋ ಆಸುಪಾಸಿನಲ್ಲಿ ಸಿಗುತ್ತದೆ, ಆದರೆ ರದ್ದು ಮಾಡಿದರೆ ಹಣ ವಾಪಸ್ ಇಲ್ಲ. ಸ್ಪಾರ್‌ಪ್ರೈಸ್ ಸ್ವಲ್ಪ ಜಾಸ್ತಿ. ಈ ಎರಡರಲ್ಲೂ ಟಿಕೆಟ್‌ನಲ್ಲಿ ಬರೆದಿರುವ ಅದೇ ರೈಲಿಗೆ ಹೋಗಬೇಕು. ಫ್ಲೆಕ್ಸ್‌ಪ್ರೈಸ್ ದುಬಾರಿ, ಫ್ರಾಂಕ್‌ಫರ್ಟ್‌ನಿಂದ ಮ್ಯೂನಿಕ್‌ಗೆ ನೂರು ಯೂರೋ ದಾಟುತ್ತದೆ. ಆದರೆ ಅದೇ ದಿನ ಅದೇ ದಾರಿಯ ಯಾವ ರೈಲಿಗೆ ಬೇಕಾದರೂ ಹತ್ತಬಹುದು. ನಾನು ವಿಮಾನ ಇಳಿಯುವ ದಿನಕ್ಕೆ ಮಾತ್ರ ಫ್ಲೆಕ್ಸ್ ತೆಗೆದೆ, ಉಳಿದ ದಿನಕ್ಕೆಲ್ಲ ಅಗ್ಗದ್ದು. ವಿಮಾನ ಎಷ್ಟು ತಡವಾಗುತ್ತದೋ, ಇಮಿಗ್ರೇಷನ್ ಸಾಲು ಎಷ್ಟು ಉದ್ದ ಇರುತ್ತದೋ ಯಾರಿಗೆ ಗೊತ್ತು. ಬೆಂಗಳೂರಿನಿಂದ ಹೋಗಿ ಇಳಿದ ಒಂದೂವರೆ ಗಂಟೆಗೆ ಅಗ್ಗದ ಟಿಕೆಟ್ ತೆಗೆದಿಟ್ಟುಕೊಳ್ಳುವುದು ಬೇಡವೇ ಬೇಡ. ವಿಮಾನ ತಡವಾಗಿ ರೈಲು ತಪ್ಪಿದರೆ ಆ ಟಿಕೆಟ್ ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ಬೇಗ ಅರ್ಥವಾಗದ ಒಂದು ಸಂಗತಿ ಇದೆ. ನಮ್ಮಲ್ಲಿ ರಿಸರ್ವೇಶನ್ ಟಿಕೆಟ್ ಕನ್ಫರ್ಮ್ ಆಯಿತು ಅಂದರೆ ಸೀಟೂ ಸಿಕ್ಕಿತು ಅಂತ. ಜರ್ಮನಿಯಲ್ಲಿ ಹಾಗಲ್ಲ. ಟಿಕೆಟ್ ಬೇರೆ, ಸೀಟು ಬೇರೆ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಟಿಕೆಟ್ ಇದ್ದರೆ ಹತ್ತಬಹುದು, ಆದರೆ ಕೂರಲು ಜಾಗ ಸಿಗುತ್ತದೆ ಅಂತ ಯಾರೂ ಮಾತು ಕೊಡುವುದಿಲ್ಲ. ಸೀಟಿಗೆ ಐದು ಯೂರೋ ಚಿಲ್ಲರೆ ಬೇರೆಯಾಗಿ ಕೊಡಬೇಕು. ದಯವಿಟ್ಟು ಕೊಡಿ. ವಯಸ್ಸಾದವರು ಜೊತೆಗಿದ್ದರಂತೂ ಎರಡು ಸಲ ಯೋಚನೆ ಮಾಡಬೇಡಿ. ಶುಕ್ರವಾರ ಸಂಜೆಯ ರೈಲಿನಲ್ಲಿ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತಿದ್ದವರನ್ನು ಕಣ್ಣಾರೆ ನೋಡಿದ್ದೇನೆ. ಸೀಟು ತೆಗೆಯದೇ ಹತ್ತಿದ್ದರೆ ಸೀಟಿನ ಮೇಲೆ ಒಂದು ಪುಟ್ಟ ಪರದೆ ಇರುತ್ತದೆ, ನೋಡಿ. ಯಾವ ಊರಿನಿಂದ ಯಾವ ಊರಿಗೆ ಆ ಸೀಟು ಬುಕ್ ಆಗಿದೆ ಅಂತ ಅದರಲ್ಲಿ ಬರುತ್ತದೆ. ಖಾಲಿ ಇದ್ದ ಕಡೆ ಕೂರಬಹುದು.

ಇನ್ನೊಂದು ಮಾತು, ಮಧ್ಯೆ ರೈಲು ಬದಲಿಸಲು ಸಿಗುವ ಸಮಯ. ಆ್ಯಪ್ ಏಳೆಂಟು ನಿಮಿಷದಲ್ಲಿ ರೈಲು ಬದಲಿಸುವ ದಾರಿಯನ್ನೂ ತೋರಿಸಿಬಿಡುತ್ತದೆ. ಅಲ್ಲಿಯ ಜನ ಓಡಿ ಹತ್ತುತ್ತಾರೆ, ನಮ್ಮಿಂದ ಆಗುತ್ತಾ? ಹುಡುಕುವಾಗಲೇ ಕನಿಷ್ಠ ಇಷ್ಟು ನಿಮಿಷ ಬೇಕು ಅಂತ ಹೇಳುವ ಒಂದು ಆಯ್ಕೆ ಇದೆ. ನಾನು ಅರ್ಧ ಗಂಟೆ ಇಟ್ಟೆ. ಪ್ರಯಾಣ ಸ್ವಲ್ಪ ಉದ್ದವಾಯಿತು, ಆದರೆ ಅಮ್ಮ ಎಲ್ಲೂ ಓಡಬೇಕಾಗಲಿಲ್ಲ.

ಈಗ ಪ್ಲಾಟ್‌ಫಾರಂಗೆ ಬರೋಣ. ನಾನು ಈ ಆ್ಯಪ್‌ಗೆ ಪೂರ್ತಿ ಮನಸೋತಿದ್ದು ಇಲ್ಲಿಯೇ. ಜರ್ಮನಿಯ ನಿಲ್ದಾಣಗಳಲ್ಲಿ ಗೇಟ್ ಇಲ್ಲ, ಯಾರೂ ತಡೆಯುವುದಿಲ್ಲ, ಸೀದಾ ಪ್ಲಾಟ್‌ಫಾರಂಗೆ ನಡೆದು ಹೋಗಬಹುದು. ಪ್ಲಾಟ್‌ಫಾರಂ ಉದ್ದಕ್ಕೂ ಎ, ಬಿ, ಸಿ, ಡಿ ಅಂತ ಬೋರ್ಡು ತೂಗುಹಾಕಿರುತ್ತಾರೆ. ಆ್ಯಪ್‌ನಲ್ಲಿ ನಮ್ಮ ರೈಲನ್ನು ತೆರೆದರೆ ಇಡೀ ರೈಲಿನ ಚಿತ್ರವೇ ಬರುತ್ತದೆ. ಯಾವ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆ, ಊಟದ ಬೋಗಿ ಎಲ್ಲಿ, ಮೊದಲ ದರ್ಜೆ ಎಲ್ಲಿ, ಎಲ್ಲಾ. ನಮ್ಮದು ಡಿ. ಇಬ್ಬರೂ ಡಿ ಬೋರ್ಡಿನ ಕೆಳಗೆ ಸೂಟ್‌ಕೇಸ್ ಇಟ್ಟುಕೊಂಡು ನಿಂತೆವು. ಸುಮಾರು ಜನ ಮುಂದೆ ಮುಂದೆ ಹೋಗುತ್ತಿದ್ದರು.

"ಎಲ್ಲರೂ ಆ ಕಡೆ ಹೋಗ್ತಿದ್ದಾರಲ್ಲೇ, ನಾವು ಇಲ್ಲೇ ನಿಂತರೆ ಆಗುತ್ತಾ?" ಅಂತ ಅಮ್ಮ ಕೇಳಿದರು. ಅವರಿಗೆ ಶಿವಮೊಗ್ಗದ ನೆನಪು. ಬೋಗಿ ಎಲ್ಲಿ ನಿಲ್ಲುತ್ತದೋ ಅಂತ ಕೊನೆ ಗಳಿಗೆಯಲ್ಲಿ ಬ್ಯಾಗ್ ಎತ್ತಿಕೊಂಡು ಓಡಿ ಅಭ್ಯಾಸ.

"ಇಲ್ಲೇ ಅಮ್ಮ, ನೋಡ್ತಿರು" ಅಂದೆ.

ಬಿಳಿ ಬಣ್ಣದ ಐಸಿಇ, ಅಂದರೆ ಜರ್ಮನಿಯ ವೇಗದ ರೈಲು, ಬಂತು, ಮೈಗೆ ಕೆಂಪು ಪಟ್ಟಿ. ನಿಧಾನ ಆಯಿತು, ನಿಂತಿತು. ಬಾಗಿಲು ನಮ್ಮಿಂದ ಮೂರು ಹೆಜ್ಜೆ ದೂರದಲ್ಲಿತ್ತು, ಪಕ್ಕದಲ್ಲಿ ನಮ್ಮದೇ ಬೋಗಿ ನಂಬರು. ಅಮ್ಮ ಮೊದಲು ಹತ್ತಿದರು, ನಾನು ಸೂಟ್‌ಕೇಸ್‌ಗಳನ್ನು ಒಂದೊಂದಾಗಿ ಮೇಲಿಟ್ಟೆ, ಹಿಂದಿದ್ದ ಹುಡುಗನೊಬ್ಬ ಕೇಳದೇ ಕೈ ಕೊಟ್ಟ. ಒಂದು ನಿಮಿಷವೂ ಆಗಲಿಲ್ಲ. ಕೂತ ಮೇಲೆ ಅಮ್ಮ ನನ್ನ ಫೋನ್ ತೆಗೆದುಕೊಂಡು ಆ ರೈಲಿನ ಚಿತ್ರವನ್ನು ಎಷ್ಟೋ ಹೊತ್ತು ನೋಡುತ್ತಿದ್ದರು.

ಎಚ್ಚರಿಕೆಯೂ ಹೇಳಬೇಕು. ಒಮ್ಮೊಮ್ಮೆ ಬೋಗಿಗಳು ಉಲ್ಟಾ ಕ್ರಮದಲ್ಲಿ ಬರುತ್ತವೆ, ಪ್ಲಾಟ್‌ಫಾರಂ ಸಹ ಬದಲಾಗುತ್ತದೆ. ಹತ್ತು ನಿಮಿಷ ಇರುವಾಗ ಇನ್ನೊಂದು ಸಲ ಆ್ಯಪ್ ತೆರೆದು ನೋಡಿ, ನಿಲ್ದಾಣದ ಬೋರ್ಡನ್ನೂ ನೋಡಿ. ಇನ್ನು ಫ್ರಾಂಕ್‌ಫರ್ಟ್ ಮುಖ್ಯ ನಿಲ್ದಾಣದಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ, ಮುಂದೆ ಹೋಗುವ ರೈಲು ಬಂದ ದಿಕ್ಕಿಗೇ ವಾಪಸ್ ಹೊರಡುತ್ತದೆ. ಗಾಬರಿ ಬೇಡ, ನೀವು ಹಿಂದಕ್ಕೆ ಹೋಗುತ್ತಿಲ್ಲ.

ಕೂತ ಮೇಲೆ ಆ್ಯಪ್‌ನಲ್ಲಿ ಕಂಫರ್ಟ್ ಚೆಕ್‌ಇನ್ ಅಂತ ಒಂದು ಗುಂಡಿ ಬರುತ್ತದೆ. ಅದನ್ನು ಒತ್ತಿ ನಿಮ್ಮ ಸೀಟು ಖಚಿತ ಮಾಡಿದರೆ ಟಿಸಿ ಬಂದು ಟಿಕೆಟ್ ಕೇಳುವುದಿಲ್ಲ. ಅವರ ಕೈಯಲ್ಲಿರುವ ಯಂತ್ರಕ್ಕೇ ಗೊತ್ತಾಗಿರುತ್ತದೆ. ನಮ್ಮ ಸಾಲಿಗೆ ಬಂದ ಹೆಂಗಸು ಯಂತ್ರ ನೋಡಿ, ಅಮ್ಮನ ಕಡೆ ನೋಡಿ ನಕ್ಕು ಮುಂದೆ ಹೋದರು. ನಿದ್ದೆ ಬಂದಿದ್ದರೆ ಎಬ್ಬಿಸುವ ಪ್ರಮೇಯವೇ ಇಲ್ಲ. ಆದರೂ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಅಗ್ಗದ ಟಿಕೆಟ್ ಹೆಸರಿನ ಮೇಲೇ ಇರುತ್ತದೆ.

ತಡದ ವಿಷಯ. ಜರ್ಮನಿ ಅಂದರೆ ಗಡಿಯಾರದ ಮುಳ್ಳಿನ ಹಾಗೆ ಅಂದುಕೊಂಡು ಹೋಗಬೇಡಿ. 2024ರಲ್ಲಿ ಅಲ್ಲಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ನೂರಕ್ಕೆ 62.5 ಮಾತ್ರ, ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವನ್ನು ಸಮಯಕ್ಕೆ ಬಂದ ಲೆಕ್ಕಕ್ಕೇ ಹಾಕಿಕೊಂಡು. ಇಲ್ಲಿ ಆ್ಯಪ್ ಮತ್ತೆ ಕೆಲಸಕ್ಕೆ ಬರುತ್ತದೆ. ಎಷ್ಟು ತಡ, ಮುಂದಿನ ರೈಲು ಸಿಗುತ್ತದಾ ಇಲ್ಲವಾ ಅಂತ ಫೋನಿಗೇ ತಿಳಿಸುತ್ತದೆ. ತಲುಪುವ ಊರಿಗೆ 20 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ತಡವಾಗುವುದು ಕಂಡರೆ ಅಗ್ಗದ ಟಿಕೆಟ್‌ಗೂ ಆ ಒಂದೇ ರೈಲಿನ ಕಟ್ಟು ಬಿಟ್ಟುಹೋಗುತ್ತದೆ, ಬೇರೆ ರೈಲಿಗೆ ಹತ್ತಬಹುದು. ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ, ಎರಡು ಗಂಟೆ ಆದರೆ ಅರ್ಧ ವಾಪಸ್ ಕೇಳಬಹುದು. ಕೇಳಿ. ಅದು ನಿಮ್ಮ ಹಕ್ಕು.

ನನಗೆ ಬೇಜಾರಾದದ್ದು ಬೇರೆ ಕಡೆ. ಎಲ್ಲಾ ದೇಶದ ಟಿಕೆಟ್ ಒಂದೇ ಕಡೆ ಮಾರುವ ಒಂದು ಆ್ಯಪ್‌ನಲ್ಲಿ ವೆರೋನಾದಿಂದ ರೋಮ್‌ಗೆ ಬುಕ್ ಮಾಡಿದ್ದೆ. ಸೇವಾ ಶುಲ್ಕ ಅಂತ ಮೇಲೆ ಹಾಕಿದರು, ಇರಲಿ. ಆಮೇಲೆ ದಿನ ಬದಲಿಸಬೇಕಾಗಿ ಬಂತು. ಮಾರಿದವರು ರೈಲಿನವರನ್ನು ಕೇಳಿ ಅಂದರು, ರೈಲಿನವರು ಮಾರಿದವರನ್ನೇ ಕೇಳಿ ಅಂದರು. ಎರಡು ದಿನ ಇದೇ ಆಯಿತು. ರಜೆಯ ಎರಡು ಸಂಜೆ ಮೇಲ್ ಬರೆಯುವುದರಲ್ಲೇ ಹೋಯಿತು, ಹಣ ಬಂದದ್ದು ಮೂರು ವಾರದ ಮೇಲೆ. ಬೆಲೆ ಹೋಲಿಸಿ ನೋಡಲು ಇಂಥ ಆ್ಯಪ್‌ಗಳು ಚೆನ್ನ. ಹಣ ಕಟ್ಟುವುದು ಮಾತ್ರ ಆಯಾ ರೈಲಿನವರ ಸ್ವಂತ ಆ್ಯಪ್‌ನಲ್ಲೇ ಇರಲಿ.

ಹಣ ಕಟ್ಟುವುದು ಅಂದಾಗ ನೆನಪಾಯಿತು. ನಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ಎಷ್ಟೋ ಸಲ ಆಫ್ ಆಗಿರುತ್ತದೆ, ಊರಲ್ಲಿರುವಾಗಲೇ ಆನ್ ಮಾಡಿಕೊಳ್ಳಿ. ಒಟಿಪಿ ಬರುವುದು ನಮ್ಮ ಭಾರತದ ನಂಬರಿಗೆ. ಅಲ್ಲಿ ಹೋಗಿ ಆ ಸಿಮ್ ತೆಗೆದಿಟ್ಟರೆ ಟಿಕೆಟ್ ಆಗುವುದಿಲ್ಲ. ಸಾಧ್ಯವಾದಷ್ಟು ಟಿಕೆಟ್ ಮನೆಯಲ್ಲಿ ಕೂತೇ ತೆಗೆಯುವುದು ಒಳ್ಳೆಯದು.

ಡಿಬಿ ನ್ಯಾವಿಗೇಟರ್ ಜರ್ಮನಿಗೆ, ಅಲ್ಲಿಂದ ಪಕ್ಕದ ದೇಶಗಳಿಗೆ ಸಾಕು. ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆ ದಾಟಿ ವೆರೋನಾಕ್ಕೆ ಐದು ಗಂಟೆ ಚಿಲ್ಲರೆ, ಆ ಟಿಕೆಟ್ಟೂ ಇದರಲ್ಲೇ ತೆಗೆದೆ. ಆ ದಾರಿಯನ್ನು ಹಗಲಲ್ಲೇ ಇಟ್ಟುಕೊಳ್ಳಿ, ಬೆಟ್ಟ ನೋಡುತ್ತಾ ಅಮ್ಮ ಚಪಾತಿ ಡಬ್ಬಿ ತೆಗೆಯುವುದನ್ನೇ ಮರೆತಿದ್ದರು. ಫ್ರಾನ್ಸಿಗೆ ಅಲ್ಲಿಯ ರೈಲ್ವೆಯ ಆ್ಯಪ್ ಎಸ್‌ಎನ್‌ಸಿಎಫ್ ಕನೆಕ್ಟ್ ಬೇಕು. ಎರಡು ವರ್ಷದ ಹಿಂದೆ ಪ್ಯಾರಿಸ್‌ನಿಂದ ಲಿಯೋಂಗೆ ಹೋಗುವಾಗ ಬಳಸಿದ್ದೆ. ಅಲ್ಲಿಯ ವೇಗದ ರೈಲು ಟಿಜಿವಿಯ ಟಿಕೆಟ್ ಅಂದರೆ ಸೀಟು ಸೇರಿಯೇ. ಆದರೆ ಪ್ಲಾಟ್‌ಫಾರಂ ನಂಬರು ಹಾಕುವುದು ಹೊರಡಲು ಸುಮಾರು 20 ನಿಮಿಷ ಇರುವಾಗ, ಬಾಗಿಲು ಮುಚ್ಚುವುದು ಎರಡು ನಿಮಿಷ ಮುಂಚೆ.

ಇಟಲಿಗೆ ಟ್ರೆನಿಟಾಲಿಯಾ ಆ್ಯಪ್. ವೇಗದ ಫ್ರೆಚ್ಚಾರೊಸ್ಸಾ ರೈಲಿಗೆ ಟಿಕೆಟ್ ಇದ್ದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಆದರೆ ಊರೂರಲ್ಲಿ ನಿಲ್ಲುವ ಪ್ರಾದೇಶಿಕ ರೈಲಿಗೆ ಮೊಬೈಲ್ ಟಿಕೆಟ್ ತೆಗೆದಿದ್ದರೆ ಹತ್ತುವ ಮುಂಚೆ ಆ್ಯಪ್‌ನಲ್ಲಿ ಚೆಕ್‌ಇನ್ ಒತ್ತಲೇಬೇಕು, ಇಲ್ಲದಿದ್ದರೆ ದಂಡ ಬೀಳಬಹುದು. ವೆರೋನಾದಿಂದ ಗಾರ್ಡಾ ಸರೋವರದ ದಂಡೆಗೆ ಹೋಗಿ ಬಂದ ದಿನ ಅಮ್ಮ ಅದನ್ನು ಎರಡೂ ಸಲ ನೆನಪಿಸಿದರು. ವಾಪಸ್ ಬರುವಾಗ ಫೋನ್ ಇಸಿದುಕೊಂಡು ತಾವೇ ಒತ್ತಿದರು.