ಸಮುದಾಯ ಊಟ: ಅಡುಗೆಗೆ ಪೂರ್ಣ ಅಂಕ, ಮಾಹಿತಿ ಮೇಜಿಗೆ ಅರ್ಧ

ದತ್ತಿ ಸಂಸ್ಥೆಗಳು ವಾರಕ್ಕೋ ತಿಂಗಳಿಗೋ ಒಮ್ಮೆ ಏರ್ಪಡಿಸುವ ಸಮುದಾಯ ಊಟವನ್ನು ರುಚಿಯಿಂದಷ್ಟೇ ಅಳೆದರೆ ಸಂಸ್ಥೆಯ ಜಗಲಿಯನ್ನು ಮಾತ್ರ ನೋಡಿದ ಹಾಗೆ. ಸಾಲದ ಸಲಹೆ, ಮಕ್ಕಳ ಪಾಠ, ಒಂಟಿ ವೃದ್ಧರ ಮನೆಭೇಟಿ, ದಿನಸಿ ಪೊಟ್ಟಣ, ಅರ್ಜಿ ತುಂಬಿಕೊಡುವುದು, ಇವೆಲ್ಲ ಒಳಗೆ ನಡೆದಿರುತ್ತವೆ. ಉಣ್ಣಲು ಬಂದವರಿಗೆ ಅದು ಕಾಣುತ್ತದೋ ಇಲ್ಲವೋ, ನಮ್ಮ ಅಂಕ ಅದಕ್ಕೆ.

ಅಡುಗೆಮನೆಯಲ್ಲಿ ಹೆಚ್ಚಿನವರು ಗೆಲ್ಲುತ್ತಾರೆ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5ಕ್ಕಿಂತ ಕೆಳಗೆ ಇರಬೇಕು. ಬಡಿಸುವವರ ಪಕ್ಕ ಥರ್ಮಾಮೀಟರ್ ಮತ್ತು ಬರೆದಿಟ್ಟ ಪಟ್ಟಿ ಕಂಡರೆ ನಿಶ್ಚಿಂತೆಯಿಂದ ಕೂರಬಹುದು. ಎಡವಟ್ಟಾಗುವುದು ಮಿಕ್ಕ ಅಡುಗೆಯಲ್ಲಿ. ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ; ಹೊಟ್ಟೆ ಕೆಡಿಸುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ, ಕುದಿಸಿದರೂ ಸಾಯದ ಬೀಜಕಣಗಳು ಮೊಳೆತು ಬೆಳೆಯಲು ಅಷ್ಟೇ ಸಾಕು. 5 ಸೆಂ.ಮೀ. ಆಳಕ್ಕೆ ಅಗಲ ಟ್ರೇಗಳಲ್ಲಿ ಹರಡಿ, 2 ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ 4 ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕು. ಮನೆಗೆ ಕಟ್ಟಿಕೊಡುವ ಪೊಟ್ಟಣವನ್ನು ಹೇಗೆ ತಣಿಸಿದ್ದು ಎಂದು ಕೇಳಲು ಸಂಕೋಚ ಬೇಡ.

ಇನ್ನು ಮಾಹಿತಿ ಮೇಜು. ಅದನ್ನು ಸಾಮಾನ್ಯವಾಗಿ ಹೊರಬಾಗಿಲ ಬಳಿ ಹಾಕುತ್ತಾರೆ, ತಪ್ಪು ಅಲ್ಲೇ ಶುರು. ಹೊರಡುವಾಗ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ; ಕರಪತ್ರ ಹಿಡಿಯಲು ಮೂರನೇ ಕೈ ಎಲ್ಲಿಂದ ತರಬೇಕು? ಮೇಲಾಗಿ, ‘ಸಾಲ ಪರಿಹಾರ’ ಎಂಬ ಫಲಕದ ಮುಂದೆ ಎಲ್ಲರ ಕಣ್ಣೆದುರು ನಿಲ್ಲಲು ಯಾರಿಗೂ ಮನಸ್ಸಾಗದು. ಪ್ರತಿ ಮೇಜಿನಲ್ಲೂ ಸಂಸ್ಥೆಯ ಒಬ್ಬರು ತಾವೂ ತಟ್ಟೆ ಹಿಡಿದು ಕೂರುವ ಕ್ರಮ ಇದಕ್ಕಿಂತ ಎಷ್ಟೋ ಮೇಲು. ಊಟದ ನಡುವೆ ಬಾಡಿಗೆಯ ಮಾತು ಬಂದರೆ ಸಲಹೆಗಾರರ ಸುದ್ದಿ ತಾನಾಗಿಯೇ ಬರುತ್ತದೆ.

ಹಾಗೆ ಮಾತು ಬಂದ ಮೇಲೆ ಏನು ಮಾಡುತ್ತಾರೆ ಎಂಬುದೇ ನಿಜವಾದ ಪರೀಕ್ಷೆ. ಫೋನ್ ನಂಬರಿನ ಚೀಟಿ ಕೊಟ್ಟು ಕಳಿಸಿದರೆ ಅದು ಜೇಬಿನಲ್ಲೇ ಮಡಚಿಕೊಂಡು ಉಳಿಯುತ್ತದೆ. ಸಂಬಂಧಪಟ್ಟವರನ್ನು ಅಲ್ಲೇ ಕರೆದು ಪರಿಚಯಿಸಿ, ಭೇಟಿಯ ದಿನ ಗೊತ್ತುಮಾಡಬೇಕು. ಹೆಸರು, ಸಂಪರ್ಕ, ಬೇಕಾದ ಸಹಾಯ, ಮಾಹಿತಿ ಹಂಚಿಕೊಳ್ಳಲು ಒಪ್ಪಿಗೆ: ನಮೂನೆಯಲ್ಲಿ ಈ ನಾಲ್ಕು ಸಾಲು ಸಾಕು. ಊಟಕ್ಕೆ ಮುಂಚೆಯೇ ಆದಾಯ ಕೇಳುವ ಸಂಸ್ಥೆಗೆ, ಉಣ್ಣುವವರ ಮುಖದ ಫೋಟೊ ಹಾಕುವ ಸಂಸ್ಥೆಗೆ ನಮ್ಮಿಂದ ಸೊನ್ನೆ.

ಕೆಲವೆಡೆ ಬಿ.ಪಿ. ತಪಾಸಣೆಯೂ ಇರುತ್ತದೆ. ಉದ್ದೇಶ ಒಳ್ಳೆಯದೇ, ಹೊತ್ತು ಸರಿಯಿಲ್ಲ. ಉಂಡ ಕೂಡಲೇ, ಗದ್ದಲದಲ್ಲಿ, ಹರಟುತ್ತ ತೆಗೆದ ಅಂಕಿ ನಂಬಲರ್ಹವಲ್ಲ. ಊಟವಾಗಿ ಅರ್ಧ ಗಂಟೆಯಾದರೂ ಕಳೆದಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮಾತಿಲ್ಲದೆ 5 ನಿಮಿಷ ಕೂತ ನಂತರ, ತೋಳಪಟ್ಟಿಯನ್ನು ಬಟ್ಟೆಯ ಮೇಲಲ್ಲದೆ ಬರಿಯ ತೋಳಿಗೆ ಸುತ್ತಿ ಅಳೆಯಬೇಕು. ತಪಾಸಣೆಯನ್ನು ಊಟಕ್ಕೆ ಮೊದಲು, ಪಕ್ಕದ ಕೋಣೆಯಲ್ಲಿ ಇಟ್ಟರೆ ಮುಗಿಯಿತು.

ವಾರ್ಷಿಕ ವರದಿ ಸಿಕ್ಕರೆ ತಟ್ಟೆಗಳ ಲೆಕ್ಕಕ್ಕೆ ಬೆರಗಾಗಬೇಡಿ. 50 ಮಂದಿ 4 ವಾರ ಬಂದರೆ 200 ತಟ್ಟೆ. ಜನ ಮಾತ್ರ ಅದೇ 50. ಅವರಲ್ಲಿ ಎಷ್ಟು ಮಂದಿ ಬೇರೆ ಸೇವೆಗೆ ದಾಟಿದರು, ಎಷ್ಟು ಮಂದಿಯ ಕೆಲಸ ಕೈಗೂಡಿತು ಎಂಬ ಸಾಲು ಹುಡುಕಿ. ಆಡಳಿತ ವೆಚ್ಚ ತೀರಾ ಕಡಿಮೆ ಎಂದು ಬೀಗುವುದೂ ಗುಣವೇನಲ್ಲ: ಲೆಕ್ಕ ಇಡುವವರಿಗೆ, ಮನೆಭೇಟಿಗೆ ಹೋಗುವವರ ತರಬೇತಿಗೆ ಹಣ ಬೇಕೇ ಬೇಕು.

ಕೊಡಲು ಮನಸ್ಸಿದ್ದವರು ಹಳೆಬಟ್ಟೆಯ ಮೂಟೆ ತರುವ ಮುನ್ನ ಏನು ಬೇಕೆಂದು ಕೇಳಲಿ; ವಿಂಗಡಿಸುವುದರಲ್ಲೇ ಸ್ವಯಂಸೇವಕರ ಸಂಜೆ ಕಳೆದುಹೋಗುತ್ತದೆ. ಹಣಕ್ಕೆ ‘ಊಟಕ್ಕೆ ಮಾತ್ರ’ ಎಂಬ ಷರತ್ತು ಹಾಕಿದರೆ ಸಾಲದ ಸಲಹೆಗಾರರ ಸಂಬಳಕ್ಕೆ ಅದರಿಂದ ಬಿಡಿಗಾಸೂ ತೆಗೆಯುವಂತಿಲ್ಲ.