ಪೀಟ್ ಬದಲು ಪ್ರೆಸ್‌ಮಡ್ ಗೊಬ್ಬರ: ಕುಂಡಕ್ಕೆ ಮೂರು ಬುಟ್ಟಿ ಸಾಕು, ಹತ್ತು ಬೇಡ

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿಗೇನೂ ಬರ ಇಲ್ಲ. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ ಕೊಳೆಸಿ ಮಾಡಿದ ಗೊಬ್ಬರ ಮೊದಲು ಹೊಲಕ್ಕಷ್ಟೇ ಹೋಗುತ್ತಿತ್ತು, ಈಗ ನರ್ಸರಿಗಳಲ್ಲೂ ಚೀಲಗಟ್ಟಲೆ ಸಿಗುತ್ತದೆ. ‘ಪೀಟ್ ಯಾಕ್ರೀ, ಇದನ್ನೇ ಕುಂಡಕ್ಕೆ ತುಂಬ್ರಿ’ ಅಂತ ಹೇಳಿ ಕೊಡುತ್ತಾರೆ. ಮಾಲು ಒಳ್ಳೆಯದು, ಮಾತು ತಪ್ಪು.

ಪೀಟ್ ಅಂದರೆ ಚಳಿ ದೇಶದ ಜೌಗಿನಲ್ಲಿ ಪಾಚಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಕಟ್ಟಿದ್ದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅದರಲ್ಲಿ ಸತ್ವ ಇಲ್ಲವೆನ್ನುವಷ್ಟು ಕಡಿಮೆ, ಉಪ್ಪಿನಂಶವೂ ಹಾಗೇ, ಪಿಎಚ್ 4ರ ಆಸುಪಾಸು, ಅಂದರೆ ತುಂಬಾ ಹುಳಿ. ಸುಣ್ಣ ಹಾಕಿ ಹದಕ್ಕೆ ತಂದು ಮಾರುತ್ತಾರೆ. ಕಾಂಪೋಸ್ಟ್ ಇದಕ್ಕೆ ತದ್ವಿರುದ್ಧ: ಪಿಎಚ್ 7ರಿಂದ 8, ಪೊಟ್ಯಾಶ್ ಜಾಸ್ತಿ, ಉಪ್ಪೂ ಜಾಸ್ತಿ, ತೂಕ ಕೆಲವು ಪಟ್ಟು. ಹಾಗಾಗಿ ಒಂದನ್ನು ತೆಗೆದು ಇನ್ನೊಂದನ್ನು ಅಷ್ಟಕ್ಕಷ್ಟೇ ತುಂಬಿದರೆ ಕ್ರೋಟನ್ ಎಲೆಯ ಅಂಚು ಹದಿನೈದು ದಿನದಲ್ಲಿ ಸುಟ್ಟಂತಾಗುತ್ತದೆ. ರೋಗ ಅಂತ ತಿಳಿದು ಔಷಧಿ ಹೊಡೆಯುವವರೇ ಹೆಚ್ಚು.

ಚೀಲ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಬೆಲೆ ಅಲ್ಲ, ಯಾವ ಹಂಗಾಮಿನ ಮಾಲು ಅಂತ. ಕಾರ್ಖಾನೆ ಕಬ್ಬು ನುರಿಸುವುದು ಚಳಿಗಾಲದಲ್ಲಿ. ಜನವರಿಯಲ್ಲಿ ‘ಹೊಸ ಸ್ಟಾಕ್’ ಅಂತ ಕೊಟ್ಟರೆ ಅದು ಪೂರ್ತಿ ಕೊಳೆಯದ ಹಸಿ ಮಾಲಾಗಿರುವ ಸಂಭವ ಹೆಚ್ಚು. ಹಿಂದಿನ ಹಂಗಾಮಿನದೇ ಬೇಕು. ಚೀಲದ ನಡುವೆ ಮೊಣಕೈವರೆಗೆ ಕೈ ಇಡಿ: ಬೆಚ್ಚಗಿದ್ದರೆ ಇನ್ನೂ ಕೊಳೆಯುತ್ತಿದೆ. ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಐದು ದಿನ ಇಟ್ಟು ಬಿಚ್ಚಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅಮೋನಿಯಾದ ಘಾಟು ಅಥವಾ ಹುಳಿ ವಾಸನೆ ಬಂದರೆ ಚೀಲವನ್ನು ನೆರಳಲ್ಲಿ ಇನ್ನೂ ಎರಡು ತಿಂಗಳು ತೇವ ಆರದಂತೆ ಇಟ್ಟು, ಆಗಾಗ ಮಗುಚಿ ಬಳಸಿ. ಇನ್ನೊಂದು ಮಾತು: ಇದನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಕುಂಡ ತುಂಬುವುದು ಲೀಟರ್ ಲೆಕ್ಕದಲ್ಲಿ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ನೀರು ಬಂದರೆ ನೀರಿಗೇ ದುಡ್ಡು ಕೊಟ್ಟಂತೆ.

ಡಿಸ್ಟಿಲರಿ ಇರುವ ಕಾರ್ಖಾನೆಯ ಗೊಬ್ಬರವಾದರೆ ಉಪ್ಪಿನ ಕಡೆ ಗಮನ ಬೇಕೇ ಬೇಕು. ಅಲ್ಲಿ ಪ್ರೆಸ್‌ಮಡ್ ಮೇಲೆ ಸ್ಪೆಂಟ್‌ವಾಶ್ (ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ನೀರು) ಸಿಂಪಡಿಸಿ ಕೊಳೆಸುವ ರೂಢಿ ಇದೆ. ಪೊಟ್ಯಾಶ್, ಕ್ಲೋರೈಡ್ ಎರಡೂ ಅದರಿಂದಲೇ ಸೇರುತ್ತವೆ. ಅಂಗಡಿಯವರು ತೋರಿಸುವ ಲ್ಯಾಬ್ ವರದಿಯಲ್ಲಿ ‘ಇಸಿ 4ಕ್ಕಿಂತ ಕಡಿಮೆ’ ಅಂತ ಇದ್ದರೆ ಸಮಾಧಾನ ಪಡಬೇಡಿ. ಇಸಿ ಅಂದರೆ ಕರಗಿದ ಉಪ್ಪಿನ ಅಳತೆ, ಲೆಕ್ಕ ಡೆಸಿಸೀಮನ್ಸ್ ಪ್ರತಿ ಮೀಟರ್‌ನಲ್ಲಿ (dS/m). ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟ್‌ಗೆ (ಊರ ಕಸದಿಂದ ಮಾಡಿ ಹೊಲಕ್ಕೆ ಹಾಕುವ ಗೊಬ್ಬರ) ಇಟ್ಟ ಮಿತಿ ಅದು. ಎಕರೆಗಟ್ಟಲೆ ಮಣ್ಣಿನಲ್ಲಿ ಹರಡಿಹೋಗುವ ಉಪ್ಪು 12 ಇಂಚಿನ ಕುಂಡದ 15 ಲೀಟರಿನಲ್ಲಿ ಎಲ್ಲಿಗೂ ಹೋಗುವುದಿಲ್ಲ. ಸಣ್ಣ ಇಸಿ ಮೀಟರ್ ಇದ್ದರೆ ಒಂದು ಲೋಟ ಮಿಶ್ರಣಕ್ಕೆ ಎರಡು ಲೋಟ ಮಳೆನೀರು ಅಥವಾ ಆರ್‌ಒ ನೀರು ಹಾಕಿ, ಕಲಕಿ, ಅರ್ಧ ಗಂಟೆ ಬಿಟ್ಟು ನೋಡಿ. ಎಳೆ ಸಸಿಗೆ 0.75 ದಾಟಬಾರದು, ಬೆಳೆದ ಗಿಡಕ್ಕೆ 1.25ರವರೆಗೆ ನಡೆಯುತ್ತದೆ, 2 ದಾಟಿದರೆ ಬೇರು ಸುಡುತ್ತದೆ. ಮೀಟರ್ ಇಲ್ಲದವರು ತೊಳೆದೇ ಬಳಸಿ: ತಳಕ್ಕೆ ತೂತು ಹಾಕಿದ ಡಬ್ಬಿಯಲ್ಲಿ 10 ಲೀಟರ್ ಗೊಬ್ಬರ ಹಾಕಿ 20 ಲೀಟರ್ ನೀರನ್ನು ನಿಧಾನಕ್ಕೆ ಇಳಿಸಿ. ಕಾಫಿ ಬಣ್ಣದ ಆ ನೀರು ತೆಂಗಿನ ಬುಡಕ್ಕೆ ಹೋಗಲಿ.

ತೊಳೆದದ್ದನ್ನು ನೆರಳಲ್ಲಿ ಆರಿಸಿ ಸಾಣಿಗೆಯಲ್ಲಿ ಹಾಯಿಸಿ. ಹೆಂಟೆ ಮಾತ್ರ ತೆಗೆಯಬೇಕು. ಹಿಟ್ಟಿನಂತೆ ಸೋಸಿದರೆ ಕುಂಡದಲ್ಲಿ ಗಾಳಿ ಆಡುವುದಿಲ್ಲ.

ಹತ್ತು ಬುಟ್ಟಿ ಮಿಶ್ರಣದ ಲೆಕ್ಕ ಊರಿಗೆ ತಕ್ಕಂತೆ ಬೇರೆ. ಬೆಳಗಾವಿಯ ಮಳೆಗೆ ಮೂರು ಬುಟ್ಟಿ ಗೊಬ್ಬರ, ನಾಲ್ಕು ಬುಟ್ಟಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮೂರು ಬುಟ್ಟಿ ಸುಟ್ಟ ಭತ್ತದ ಹೊಟ್ಟು. ಖಾನಾಪುರದ ಕಡೆ ಭತ್ತ ಬೆಳೆಯುವುದರಿಂದ ಹೊಟ್ಟು ಹುಡುಕುವ ಕಷ್ಟವಿಲ್ಲ. ವಿಜಯಪುರದ ಬಿಸಿಲಿಗೆ ಕೋಕೋಪೀಟ್ ಐದು, ಹೊಟ್ಟು ಎರಡು. ಹೊಟ್ಟು ಸಿಗದಿದ್ದರೆ ದಪ್ಪ ಉಸುಕು. ಗೊಬ್ಬರ ಮಾತ್ರ ಎರಡೂ ಕಡೆ ಮೂರೇ. ಎರೆ ಮಣ್ಣು ಒಂದು ಹಿಡಿಯೂ ಬೇಡ. 5 ಕಿಲೋ ಕೋಕೋಪೀಟ್ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ; ಅದರಲ್ಲೂ ಉಪ್ಪು ಇರುತ್ತದೆ, ತೊಳೆಯದೆ ಹಾಕಿದರೆ ಗೊಬ್ಬರ ತೊಳೆದ ಶ್ರಮ ವ್ಯರ್ಥ.

ಕಲಸಿದ್ದು ಸರಿಯಾಗಿದೆಯೇ ಎಂದು ನೋಡಲು ಒಂದು ಲೀಟರ್ ಮಿಶ್ರಣವನ್ನು ತಳದ ತೂತು ಮುಚ್ಚಿದ ಕುಂಡಕ್ಕೆ ಹಾಕಿ, ಮೇಲೆ ನೀರು ಮಿನುಗುವವರೆಗೆ ತುಂಬಿ, ಒಂದು ಗಂಟೆ ಬಿಟ್ಟು ತೂತು ಬಿಚ್ಚಿ. ಕೆಳಗೆ ಇಳಿದ ನೀರು 150ರಿಂದ 200 ಮಿಲಿ ಇದ್ದರೆ ಬೇರಿಗೆ ಉಸಿರಾಡಲು ಜಾಗ ಇದೆ. 100 ಮಿಲಿಗಿಂತ ಕಡಿಮೆ ಆದರೆ ಇನ್ನೊಂದು ಬುಟ್ಟಿ ಹೊಟ್ಟು ಸೇರಿಸಿ.

ಪೀಟ್‌ಗಿಂತ ಇದು ಗೆಲ್ಲುವುದು ಬೇಸಿಗೆಯಲ್ಲಿ. ಒಮ್ಮೆ ಪೂರ್ತಿ ಒಣಗಿದ ಪೀಟ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಡ್ಡೆ ಕುಗ್ಗಿ, ನೀರು ಕುಂಡದ ಬದಿಯಿಂದ ಜಾರಿ ಹೋಗುತ್ತದೆ. ಈ ಮಿಶ್ರಣ ಒಣಗಿದರೂ ಒಂದೆರಡು ಸಲ ನೀರು ಹಾಕಿದರೆ ನೆನೆಯುತ್ತದೆ. ಮೊದಲ ಎರಡು ತಿಂಗಳು ಮೇಲುಗೊಬ್ಬರವೂ ಬೇಡ. ದಾಸವಾಳ, ಅರೇಲಿಯಾ, ಕಾಗದದ ಹೂವು ಇದರಲ್ಲಿ ಚೆನ್ನಾಗಿ ಬರುತ್ತವೆ.

ಸೋಲುವುದು ಇಕ್ಸೋರಾ, ಗಾರ್ಡೇನಿಯಾದಂಥ ಹುಳಿ ಮಣ್ಣಿನ ಗಿಡಗಳಲ್ಲಿ, ಅದರಲ್ಲೂ ವಿಜಯಪುರ, ಬಾಗಲಕೋಟೆಯ ಗಡಸು ಬೋರ್ ನೀರು ಹಾಕುವ ಮನೆಗಳಲ್ಲಿ. ಎಲೆ ನೋಡಿ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿದರೆ ಈ ಪಿಎಚ್‌ನಲ್ಲಿ ಗಿಡಕ್ಕೆ ಸಿಗುವುದಿಲ್ಲ, ಇಡಿಡಿಎಚ್‌ಎ ರೂಪದ (ಇಂಥ ಪಿಎಚ್‌ನಲ್ಲೂ ಕರಗಿಯೇ ಇರುವ) ಕಬ್ಬಿಣವೇ ಬೇಕು. ಬುಡದ ಹಳೆ ಎಲೆಯಲ್ಲಿ ಅದೇ ಚಿತ್ರ ಕಂಡರೆ ಅದು ಮೆಗ್ನೀಸಿಯಂ. ಗೊಬ್ಬರದ ಪೊಟ್ಯಾಶ್ ಅದನ್ನು ಬೇರಿನ ಹತ್ತಿರ ಬಿಡುತ್ತಿಲ್ಲ. ಲೀಟರಿಗೆ 2 ಗ್ರಾಂ ಎಪ್ಸಂ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಎಲೆಗೆ ಸಿಂಪಡಿಸಿ. ಇಂಥ ಗಿಡಗಳಿಗೆ ಗೊಬ್ಬರ ಹತ್ತರಲ್ಲಿ ಒಂದೂವರೆ ಬುಟ್ಟಿಗೆ ಇಳಿಸಬೇಕು. ಬೀಜ ಬಿತ್ತುವ ಟ್ರೇಗೆ ಇದನ್ನು ಹಾಕಲೇಬೇಡಿ.

ವರ್ಷದೊಳಗೆ ಮಿಶ್ರಣ ಒಂದೆರಡು ಇಂಚು ಕುಸಿಯುತ್ತದೆ. ಮೇಲೆ ಬರೀ ಗೊಬ್ಬರ ಸುರಿಯದೆ ಅದೇ ಮಿಶ್ರಣವನ್ನೇ ತುಂಬಿ. ಅದಕ್ಕಾಗಿ ಕಲಸುವಾಗಲೇ ಅರ್ಧ ಗೋಣಿ ಹೆಚ್ಚಿಗೆ ಕಲಸಿ ನೆರಳಲ್ಲಿ ಕಟ್ಟಿಡಿ.